ನಮ್ಮೂರ ಕೆರೆಯಲ್ಲಿ ದೋಣಿವಿಹಾರ: ಟೆಂಡರ್ ಕರೆಯುವ ಮೊದಲು ಏನೇನು ತೀರ್ಮಾನವಾಗಬೇಕು?

ಕೆರೆದಂಡೆ (ಕೊಪ್ಪಳ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಕೆರೆಯ ಹೂಳನ್ನು ಊರವರೇ ವಂತಿಗೆ ಹಾಕಿ, ಟ್ರ್ಯಾಕ್ಟರುಗಳನ್ನು ಕೊಟ್ಟು, ಬೇಸಿಗೆಯಿಡೀ ದುಡಿದು ತೆಗೆದರು. ಮುಂದೆ ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿದ್ದಿತು. ಈಗ ಸಂಜೆಯಾದರೆ ಏರಿಯ ಮೇಲೆ ಮಕ್ಕಳು ಮರಿಗಳೊಂದಿಗೆ ಬಂದು ಕುಳಿತುಕೊಳ್ಳುವವರು ಬಹಳ. ಅದನ್ನು ನೋಡಿ ದೋಣಿವಿಹಾರ ಆರಂಭಿಸಬೇಕೆಂಬ ಮಾತು ಪಂಚಾಯಿತಿಯಲ್ಲಿ ಬಂದಿದೆ. ಒಂದು ಮೋಟಾರ್ ದೋಣಿ, ಕೆಲವು ಪೆಡಲ್ ದೋಣಿಗಳು, ಅತಿ ಹೆಚ್ಚು ಬಾಡಿಗೆ ಕೊಡುವವರಿಗೆ ಗುತ್ತಿಗೆ: ಕರಡಿನಲ್ಲಿ ಇರುವುದು ಇಷ್ಟೇ.

ನಾನು ದೋಣಿವಿಹಾರದ ವಿರೋಧಿಯಲ್ಲ. ನೀರಿನ ಮೇಲೆ ಒಮ್ಮೆ ಕುಳಿತು ಬಂದ ಮಗು ಆ ಕೆರೆಗೆ ಕಸ ಎಸೆಯಲು ಹಿಂಜರಿಯುತ್ತದೆ ಎಂದು ನಂಬಿದವನು. ಆದರೆ ಇದೇ ನೀರನ್ನು ನಮ್ಮ ದನಕರುಗಳು ಕುಡಿಯುತ್ತವೆ, ಸುತ್ತಲಿನ ಕೊಳವೆಬಾವಿಗಳು ಇದರಿಂದಲೇ ಮರುಪೂರಣಗೊಳ್ಳುತ್ತವೆ, ಮೀನುಗಾರರು ಇಲ್ಲಿಯೇ ಬಲೆ ಹಾಕುತ್ತಾರೆ, ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಇವರೆಲ್ಲರ ನಡುವೆ ದೋಣಿಗೆ ಎಲ್ಲಿ, ಎಷ್ಟು, ಯಾವ ಕಾಲದಲ್ಲಿ ಜಾಗ ಕೊಡಬೇಕೆಂಬುದನ್ನು ಗುತ್ತಿಗೆದಾರರು ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಕೆರೆಯ ವಿಸ್ತಾರ ಹೆಚ್ಚೇನಿಲ್ಲ. ತುಂಬಿದಾಗ ಏರಿಯ ಬಳಿ ಎರಡಾಳು ಆಳ, ಹಿಂಭಾಗದಲ್ಲಿ ಮೊಣಕಾಲು ನೀರು ಮತ್ತು ಆಪಿನ (ಜೊಂಡಿನ) ಪೊದೆ. ಗ್ರಾಮಸಭೆಯ ಮುಂದೆ ಇಡಬೇಕಾದ ಷರತ್ತುಗಳ ಬಗ್ಗೆ ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಹುಟ್ಟುಗೋಲು (ಆನೆಗೊಂದಿ ಕಡೆ)

ನಮ್ಮ ಮನೆಯವರು ತಲೆತಲಾಂತರದಿಂದ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತ ಬಂದವರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಕೂಡ ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ, ಹೊರಗೆ ಚರ್ಮ ಹೊದಿಸಿದ, 15–20 ಜನರನ್ನು ಹೊರುವ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಕೆಲವೆಡೆ ಫೈಬರ್ ಹರಿಗೋಲುಗಳೂ ಬಂದಿವೆ. ನಡೆಸುವ ಕ್ರಮ ಮಾತ್ರ ಅದೇ.

ಹರಿಗೋಲಿಗೆ ಮೊನೆ ಇಲ್ಲ, ಅಡಿಮರವೂ ಇಲ್ಲ. ತಳ ಚಪ್ಪಟೆಯಾಗಿರುವುದರಿಂದ ಮೊಣಕಾಲು ನೀರಿನಲ್ಲಿಯೂ ತೇಲುತ್ತದೆ, ಬಂಡೆಗೆ ತಗುಲಿದರೂ ಜಾರಿಕೊಂಡು ಹೋಗುತ್ತದೆ. ಭಾರ ಸುತ್ತಲೂ ಸಮನಾಗಿ ಹಂಚಿ, ಎಲ್ಲರೂ ತಳದಲ್ಲಿ ಕುಳಿತಿರುವವರೆಗೆ ಅದು ಸುಲಭವಾಗಿ ಮಗುಚುವುದಿಲ್ಲ. ಒಬ್ಬರು ಫೋಟೋಕ್ಕೆಂದು ಎದ್ದು ನಿಂತರೆ, ಅವರನ್ನು ನೋಡಿ ಇನ್ನಿಬ್ಬರು ಅದೇ ಬದಿಗೆ ಸರಿದರೆ, ಆ ಬದಿಯ ಅಂಚು ನೀರಿಗೆ ತಾಗುತ್ತದೆ. ಒಮ್ಮೆ ಅಂಚಿನಿಂದ ನೀರು ಒಳಗೆ ಬಂತೆಂದರೆ ಮುಂದೆ ಅಂಬಿಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಹತ್ತಿಸಿಕೊಳ್ಳುವಾಗ ದಪ್ಪಗಿರುವವರನ್ನು ಎದುರುಬದುರಾಗಿ, ಮಕ್ಕಳನ್ನು ದೊಡ್ಡವರ ನಡುವೆ ಕೂರಿಸುತ್ತೇವೆ. ಯಾರು ಎಲ್ಲಿ ಕೂರಬೇಕೆಂದು ಹೇಳುವ ಅಧಿಕಾರ ಅಂಬಿಗನಿಗೆ ಇರಲೇಬೇಕು. ಹಣ ಕೊಟ್ಟಿದ್ದೇವೆ, ಇಷ್ಟ ಬಂದಲ್ಲಿ ಕೂರುತ್ತೇವೆ ಎನ್ನುವವರನ್ನು ದಡದಲ್ಲಿಯೇ ಇಳಿಸಿ ಹಣ ಹಿಂದಿರುಗಿಸುವುದು ಒಳ್ಳೆಯದು.

ಇನ್ನೊಂದು ವಿಷಯ. ಪ್ರವಾಸಿಗರು ಹರಿಗೋಲನ್ನು ಗರಗರನೆ ತಿರುಗಿಸಿ ಎಂದು ಕೇಳುತ್ತಾರೆ. ನಿಂತ ನೀರಿನಲ್ಲಿ, ನಾಲ್ಕೈದು ಜನ ಭದ್ರವಾಗಿ ಕುಳಿತಿರುವಾಗ, ಎರಡು ಸುತ್ತು ತಿರುಗಿಸಿದರೆ ತೊಂದರೆಯಿಲ್ಲ. ತುಂಬಿದ ಹರಿಗೋಲಿನಲ್ಲಿ, ಗಾಳಿ ಬೀಸುವಾಗ, ಚಿಕ್ಕ ಮಕ್ಕಳಿರುವಾಗ ಅದನ್ನು ಮಾಡಬಾರದು. ನಾವು ಮಾಡುವುದಿಲ್ಲ.

ಹೊಳೆಗೂ ಕೆರೆಗೂ ಇರುವ ವ್ಯತ್ಯಾಸವನ್ನೂ ಹೇಳಬೇಕು. ಹೊಳೆಯಲ್ಲಿ ಅಪಾಯ ಮೇಲಿನಿಂದ ಬರುತ್ತದೆ. ಜಲಾಶಯದಿಂದ ನೀರು ಬಿಟ್ಟರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ನವವೃಂದಾವನಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಅಂಥ ಕಾಲದಲ್ಲಿ ಹೊಳೆಗೆ ಹುಟ್ಟು ಹಾಕುವ ಮಾತೇ ಇಲ್ಲ. ಕೆರೆಯಲ್ಲಿ ಈ ಭಯವಿಲ್ಲ, ಹಾಗಾಗಿಯೇ ಜನ ಮೈಮರೆಯುತ್ತಾರೆ. ನಮ್ಮ ಸಾಣಾಪುರ ಕೆರೆಗೆ ಎಡದಂಡೆ ಕಾಲುವೆಯ ನೀರು ಬಂದು ಹೋಗುತ್ತದೆ. ಮೇಲೆ ಕನ್ನಡಿಯಂತೆ ಕಾಣುವ ನೀರಿಗೆ ಒಳಗೆ ಎಳೆತವಿರುತ್ತದೆ, ಮೊಸಳೆಗಳೂ ಇವೆ. ನಿಮ್ಮ ಕೆರೆಯಲ್ಲಿ ತೂಬು ಎತ್ತಿದಾಗ ಅದರ ಬಾಯಿಯ ಹತ್ತಿರ ಎಳೆತ ಹುಟ್ಟುತ್ತದೆ ಎಂಬುದನ್ನು ಮರೆಯಬೇಡಿ.

ಪ್ರವಾಸ ಪ್ರಿಯ (ಬಳ್ಳಾರಿ)

ಹರಿಗೋಲಿನ ಬಗ್ಗೆ ಗೌರವವಿದೆ. ಆದರೆ ಇಂದಿನ ಯುವಜನರು ಬಯಸುವುದು ವೇಗವನ್ನು. ಬಳ್ಳಾರಿ, ತೋರಣಗಲ್ಲು, ಗಂಗಾವತಿಗಳಲ್ಲಿ ದುಡಿಯುವ ಸಾವಿರಾರು ಯುವಕರು ರಜೆ ಬಂದರೆ ಗೋವಾ, ಕಾರವಾರ ಎಂದು ಹೊರಡುತ್ತಾರೆ. ಅವರು ಅಲ್ಲಿ ಖರ್ಚು ಮಾಡುವ ಹಣದಲ್ಲಿ ಸ್ವಲ್ಪ ಭಾಗವಾದರೂ ನಮ್ಮ ಹಳ್ಳಿಗಳಿಗೆ ಬರಲಿ ಎಂದು ಬಯಸುವುದು ತಪ್ಪೇ? ಒಂದು ಸ್ಪೀಡ್ ಬೋಟ್, ಒಂದೆರಡು ಜೆಟ್ ಸ್ಕೀ ಇಲ್ಲದಿದ್ದರೆ ದೂರದಿಂದ ಯಾರೂ ಬರುವುದಿಲ್ಲ, ಪಂಚಾಯಿತಿಗೆ ಆದಾಯವೂ ಇರುವುದಿಲ್ಲ. ಆದಾಯವಿಲ್ಲದೆ ಕೆರೆಯ ನಿರ್ವಹಣೆ ಹೇಗೆ ನಡೆಯುತ್ತದೆ? ಸುರಕ್ಷತೆಯ ನಿಯಮಗಳಿರಲಿ, ಪಾಲಿಸೋಣ. ಆದರೆ ಎಲ್ಲದಕ್ಕೂ ಬೇಡ ಎನ್ನುವ ಮನೋಭಾವದಿಂದ ನಮ್ಮ ಭಾಗ ಹಿಂದೆಯೇ ಉಳಿದಿದೆ.

ನಿವೃತ್ತ ಇಂಜಿನಿಯರ್ (ಮುನಿರಾಬಾದ್)

ಆದಾಯದ ಪ್ರಶ್ನೆ ನ್ಯಾಯವಾದದ್ದು. ಆದರೆ ವೇಗದ ದೋಣಿ ಬೇಕೇ ಬೇಡವೇ ಎಂಬುದಕ್ಕೆ ನಮ್ಮ ಇಷ್ಟಾನಿಷ್ಟಗಳಿಗಿಂತ ಮೊದಲು ಕೆರೆಯ ಆಳ, ಅಗಲ ಮತ್ತು ಏರಿಯ ಸ್ಥಿತಿ ಉತ್ತರ ಕೊಡುತ್ತವೆ.

ವೇಗದ ದೋಣಿಯ ಹಿಂದೆ ಏಳುವ ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ಏರಿಗೆ ಬಡಿಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ; ಅಲ್ಲಿ ಎದ್ದ ಅಲೆ ದಡ ಮುಟ್ಟುವ ಮೊದಲೇ ಅಡಗಲು ಜಾಗವಿದೆ. ಊರ ಕೆರೆಯಲ್ಲಿ ಆ ಅವಕಾಶವಿಲ್ಲ. ದೋಣಿ ಸುತ್ತು ಹೊಡೆದಂತೆಲ್ಲ ಅಲೆಗಳು ಮಣ್ಣಿನ ಏರಿಗೆ ಒಂದರ ಹಿಂದೊಂದು ಬಡಿಯುತ್ತವೆ, ಕಲ್ಲುಹೊದಿಕೆಯ ಸಂದಿಗಳಿಂದ ಮಣ್ಣು ತೊಳೆದುಹೋಗುತ್ತದೆ, ಕ್ರಮೇಣ ಕಲ್ಲುಗಳು ಜರುಗುತ್ತವೆ. ಏರಿ ದುರ್ಬಲವಾದರೆ ಅದರ ಕೆಳಗಿನ ಗದ್ದೆಗಳ, ಮನೆಗಳ ಗತಿಯೇನು?

ಎರಡನೆಯದು ತಳದ ಹೂಳು. ಆಳವಿಲ್ಲದ ನೀರಿನಲ್ಲಿ ಎಂಜಿನ್ನಿನ ಪಂಕ ತಿರುಗಿದಾಗ ತಳದಲ್ಲಿ ಕುಳಿತಿದ್ದ ನುಣ್ಣನೆಯ ಕೆಸರು ಮೇಲೇಳುತ್ತದೆ. ಹೊಲಗಳಿಂದ ಹರಿದುಬಂದ ಗೊಬ್ಬರದ ರಂಜಕವೂ ಅದರೊಂದಿಗೆ ನೀರಿಗೆ ಬೆರೆತು ಪಾಚಿಗೆ ಆಹಾರವಾಗುತ್ತದೆ. ತುಂಗಭದ್ರೆಯ ಹಿನ್ನೀರು ಕೆಲವು ವರ್ಷ ಹಸಿರು ಬಣ್ಣಕ್ಕೆ ತಿರುಗಿದ್ದನ್ನು ನಮ್ಮ ಭಾಗದವರೆಲ್ಲ ಕಂಡಿದ್ದೇವೆ. ಅದಕ್ಕೆ ದೋಣಿಗಳು ಕಾರಣವಲ್ಲ, ಮೇಲಿನಿಂದ ಬರುವ ಗೊಬ್ಬರ ಮತ್ತು ಕೊಳಚೆಯೇ ಮುಖ್ಯ ಕಾರಣ. ಆದರೆ ಅಂಥದೇ ಗೊಬ್ಬರದ ನೀರು ನಿಮ್ಮ ಕೆರೆಗೂ ಬರುತ್ತಿರುವಾಗ, ತಳವನ್ನು ದಿನವೂ ಕಲಕುವ ಇನ್ನೊಂದು ಯಂತ್ರವನ್ನು ನಾವೇ ತಂದಿಡಬೇಕಾಗಿಲ್ಲ. ಹೂಳಿನ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯವಿದ್ದ ನಮ್ಮ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ.

ಮೂರನೆಯದು ಇಂಧನ. ಹಳೆಯ ಮಾದರಿಯ ಎರಡು ಸ್ಟ್ರೋಕಿನ ಹೊರಮೋಟಾರುಗಳಲ್ಲಿ ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣದ ಕಾಲುಭಾಗದಷ್ಟು ಉರಿಯದೆಯೇ ಹೊಗೆಯೊಂದಿಗೆ ನೀರಿಗೆ ಹೋಗುತ್ತದೆ. ಅಗ್ಗವಾಗಿ ಸಿಗುವ ಬಳಸಿದ ಎಂಜಿನ್ನುಗಳಲ್ಲಿ ಇಂಥವೇ ಹೆಚ್ಚು. ನಾಲ್ಕು ಸ್ಟ್ರೋಕಿನವು ಇದಕ್ಕಿಂತ ಎಷ್ಟೋ ಮೇಲು, ಬ್ಯಾಟರಿಯ ಮೋಟಾರು ಇನ್ನೂ ಮೇಲು. ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 2017ರಿಂದ 75 ಆಸನಗಳ ‘ಆದಿತ್ಯ’ ಎಂಬ ದೋಣಿ ಸೌರಶಕ್ತಿಯಿಂದ ಓಡುತ್ತಿದೆ. ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ.

ನನ್ನ ಅಭಿಪ್ರಾಯ ಇಷ್ಟು: ನಿಮ್ಮ ಕೆರೆಯಲ್ಲಿ ಮನರಂಜನೆಗೆ ಎಂಜಿನ್ ದೋಣಿ ಬೇಡ. ಹುಟ್ಟು ಹಾಕುವ ದೋಣಿ, ಪೆಡಲ್ ದೋಣಿ, ಹರಿಗೋಲು ಸಾಕು. ತೂಬಿನಿಂದಲೂ ಕೋಡಿಯಿಂದಲೂ ದೂರದಲ್ಲಿ ಬಣ್ಣದ ತೇಲುಗುಂಡುಗಳ ಸಾಲನ್ನು ಕಟ್ಟಿ, ಅದರಾಚೆ ಯಾವ ದೋಣಿಯೂ ಹೋಗದಂತೆ ಮಾಡಿ. ಕೋಡಿ ಹರಿಯುವ ದಿನಗಳಲ್ಲಿ ದೋಣಿವಿಹಾರವನ್ನೇ ನಿಲ್ಲಿಸಿ.

ಪ್ರವಾಸ ಪ್ರಿಯ (ಬಳ್ಳಾರಿ)

ಏರಿಯ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಜೆಟ್ ಸ್ಕೀ ಮಾತನ್ನು ಕೈಬಿಟ್ಟೆ. ಆದರೆ ಯಾರಾದರೂ ನೀರಿಗೆ ಬಿದ್ದರೆ ಪೆಡಲ್ ತುಳಿಯುತ್ತ ಹೋಗಿ ರಕ್ಷಿಸಲು ಆಗುತ್ತದೆಯೇ? ರಕ್ಷಣೆಗಾದರೂ ಒಂದು ಮೋಟಾರ್ ದೋಣಿ ಬೇಡವೇ?

ನಿವೃತ್ತ ಇಂಜಿನಿಯರ್ (ಮುನಿರಾಬಾದ್)

ಬೇಕು. ಒಂದು ಬ್ಯಾಟರಿ ಮೋಟಾರಿನ ರಕ್ಷಣಾ ದೋಣಿ, ಅದರಲ್ಲಿ ತರಬೇತಿ ಪಡೆದ ಈಜುಗಾರ, ಹಗ್ಗ ಮತ್ತು ತೇಲುಬಳೆ ಸದಾ ಸಿದ್ಧವಾಗಿರಬೇಕು. ಅದನ್ನು ಜನದಟ್ಟಣೆ ಹೆಚ್ಚಾದ ದಿನ ಟಿಕೆಟ್ ಕೊಟ್ಟು ಓಡಿಸಬಾರದು ಎಂಬುದನ್ನು ಬರವಣಿಗೆಯಲ್ಲಿಯೇ ಹಾಕಿಸಿ. ಇಲ್ಲದಿದ್ದರೆ ಅದು ರಕ್ಷಣಾ ದೋಣಿಯಾಗಿ ಬಹಳ ದಿನ ಉಳಿಯುವುದಿಲ್ಲ.

ಹಕ್ಕಿಯ ಬೆನ್ನುಹತ್ತಿ (ಸಂಡೂರು)

ಕೆರೆಯ ಹಿಂಭಾಗದ ಆಪಿನ ಪೊದೆಯ ಬಗ್ಗೆ ಮೊದಲ ಬರಹದಲ್ಲಿ ಒಂದೇ ಮಾತು ಬಂದಿದೆ. ನನಗೆ ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಜಾಗ ಅದೇ. ನಾಮದ ಕೋಳಿ, ನೇರಳೆ ಜಂಬುಕೋಳಿ, ಗುಳುಮುಳುಕಗಳು ಗೂಡು ಕಟ್ಟುವುದು ಅಂಥ ಪೊದೆಗಳಲ್ಲಿ. ಮೀನಿನ ಮರಿಗಳು ಅಡಗಿ ಬೆಳೆಯುವುದೂ ಅಲ್ಲಿಯೇ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ಕಿತ್ತುಹಾಕುವುದು ಅದನ್ನೇ ಎಂಬುದು ನೋವಿನ ಸಂಗತಿ. ಕೆರೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು, ಅಂದರೆ ಆಳವಿಲ್ಲದ ಹಿಂಭಾಗವನ್ನು ಪೂರ್ತಿಯಾಗಿ, ದೋಣಿಗೆ ನಿಷಿದ್ಧ ಎಂದು ಗುರುತಿಸಿ. ದೋಣಿಯನ್ನು ಏರಿಯ ಕಡೆಯ ಆಳದ ನೀರಿನಲ್ಲಿ ಮಾತ್ರ ಬಿಡಿ.

ಚಳಿಗಾಲದ ಅತಿಥಿಗಳ ವಿಷಯ ಬೇರೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ನಮ್ಮ ಕಡೆಯ ಕೆರೆಗಳಿಗೆ ಬರುತ್ತವೆ. ಅವು ರಾತ್ರಿ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಗೆ ಬಂದು ವಿಶ್ರಮಿಸುತ್ತವೆ. ಅಂದರೆ ನಾವು ದೋಣಿ ಬಿಡುವ ಹೊತ್ತೇ ಅವುಗಳ ನಿದ್ದೆಯ ಹೊತ್ತು. ದೋಣಿ ಹತ್ತಿರ ಬಂದಂತೆಲ್ಲ ಇಡೀ ಹಿಂಡು ಎದ್ದು ಹಾರಿದರೆ, ಮರುಪ್ರಯಾಣಕ್ಕೆಂದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತಿರುವ ಕೊಬ್ಬು ಇಲ್ಲಿಯೇ ಕರಗುತ್ತದೆ. ಪದೇ ಪದೇ ಹೀಗಾದರೆ ಅವು ಆ ಕೆರೆಯನ್ನೇ ಬಿಟ್ಟುಬಿಡುತ್ತವೆ. ಹಕ್ಕಿಗಳು ತಲೆ ಎತ್ತಿ, ಕತ್ತು ನೀಳ ಮಾಡಿ ನಮ್ಮ ಕಡೆ ನೋಡತೊಡಗಿದರೆ ನಾವು ಆಗಲೇ ಅತಿ ಹತ್ತಿರ ಬಂದಿದ್ದೇವೆ ಎಂದರ್ಥ. ಅಂಬಿಗರಿಗೆ ಈ ಒಂದು ಲಕ್ಷಣವನ್ನು ಕಲಿಸಿದರೆ ದೂರದ ಅಳತೆಯನ್ನು ಬೇರೆಯಾಗಿ ಕಲಿಸಬೇಕಿಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ ದೋಣಿಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಹಿಂಡು ಇಳಿದಿರುವ ದಿನ ಇನ್ನಷ್ಟು ದೂರ ಉಳಿಯಬೇಕು. ಧ್ವನಿವರ್ಧಕ ಯಾವ ಕಾಲದಲ್ಲಿಯೂ ಬೇಡ.

ಹಕ್ಕಿಗಳಿಂದ ಊರಿಗೇನು ಲಾಭ ಎಂದು ಕೇಳುವವರಿಗೆ ಅಂಕಸಮುದ್ರದ ಹೆಸರು ಹೇಳಬಹುದು. ಅದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ನೀರಾವರಿ ಕೆರೆ, ಕರಿಜಾಲಿ ಮರಗಳ ಕೆರೆ. ಊರವರು ಹಕ್ಕಿಗಳನ್ನು ಕಾಪಾಡಿಕೊಂಡು ಬಂದರು; 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ತುಂಗಭದ್ರೆಯಲ್ಲಿಯೇ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಹೊರಗಿನಿಂದ ಬರುವ ಪ್ರವಾಸಿಗೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಬಲೆಗಾರ (ಕುಷ್ಟಗಿ ತಾಲ್ಲೂಕು)

ನಾವು ಮೀನುಗಾರಿಕೆಯ ಗುತ್ತಿಗೆ ಪಡೆದು ಮರಿ ಬಿಟ್ಟಿರುತ್ತೇವೆ. ದೋಣಿವಿಹಾರದವರು ನಮ್ಮ ಬಲೆಗಳ ಮೇಲೆ ಹಾದುಹೋದರೆ ಬಲೆ ಹರಿಯುತ್ತದೆ, ಪೆಡಲ್ ದೋಣಿಯ ಚಕ್ರಕ್ಕೆ ಸಿಕ್ಕಿಕೊಂಡರೆ ಅವರಿಗೂ ಅಪಾಯ. ಬಲೆ ಹಾಕುವ ಭಾಗ ಮತ್ತು ಹೊತ್ತು ಎರಡನ್ನೂ ಇಬ್ಬರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ವಿನಂತಿ: ಬೇರೆ ಕೆರೆಯಲ್ಲಿದ್ದ ದೋಣಿಯನ್ನು ತಂದು ನೇರವಾಗಿ ನೀರಿಗೆ ಇಳಿಸಬೇಡಿ. ತಳಕ್ಕೆ ಅಂಟಿಕೊಂಡು ಬಂದ ಅಂತರಗಂಗೆಯ ಒಂದು ತುಂಡು ಸಾಕು, ಅದು ಹಬ್ಬಿ ಕೆರೆಯ ಮುಖವನ್ನೇ ಮುಚ್ಚುತ್ತದೆ. ಬೇರೆ ಕೆರೆಯಿಂದ ತಂದ ದೋಣಿಯ ನೀರನ್ನು ದಡದ ಮೇಲೆಯೇ ಚೆಲ್ಲಿ, ಬಳ್ಳಿ ಬೇರುಗಳನ್ನು ಕಿತ್ತು ತೆಗೆದು, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಇಳಿಸಬೇಕು.

ಶುಶ್ರೂಷಕಿ (ರಾಯಚೂರು)

ನಾನು ಬರೆಯುವುದು ಲೈಫ್ ಜಾಕೆಟ್ಟಿನ ಬಗ್ಗೆ ಮತ್ತು ಮುಳುಗಿದವರನ್ನು ಮೇಲೆತ್ತಿದ ನಂತರದ ನಿಮಿಷಗಳ ಬಗ್ಗೆ. ಕೃಷ್ಣೆಯ ನಡುಗಡ್ಡೆಯ ಕುರುವಪುರಕ್ಕೆ ದೋಣಿಯಲ್ಲಿ ಹೋಗಿಬಂದವರಿಗೆ ಗೊತ್ತಿರುತ್ತದೆ, ಜಾಕೆಟ್ ಕೊಟ್ಟರೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವವರು ಎಷ್ಟು ಜನ ಎಂದು. ಬಿದ್ದ ಮೇಲೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಚೆನ್ನಾಗಿ ಈಜು ಬಲ್ಲವರೂ ಬೀಳುವಾಗ ದೋಣಿಯ ಅಂಚಿಗೆ ತಲೆ ಬಡಿದರೆ ಈಜುವ ಸ್ಥಿತಿಯಲ್ಲಿರುವುದಿಲ್ಲ. ಸೀರೆ, ಪಂಚೆ, ಜೀನ್ಸ್ ನೆನೆದು ಕಾಲಿಗೆ ಸುತ್ತಿಕೊಂಡರೆ ಈಜುಗಾರರೂ ಸೋಲುತ್ತಾರೆ.

ಎಲ್ಲ ಜಾಕೆಟ್ಟುಗಳೂ ಒಂದೇ ಅಲ್ಲ. 50 ನ್ಯೂಟನ್ ತೇಲುಶಕ್ತಿಯವು ಈಜು ಬಲ್ಲವರಿಗೆ ನೆರವಾಗುವಷ್ಟು ಮಾತ್ರ, ಪ್ರಜ್ಞೆ ತಪ್ಪಿದವರ ಮುಖವನ್ನು ಅವು ಮೇಲಕ್ಕೆ ತಿರುಗಿಸಲಾರವು. ಈಜು ಬಾರದವರಿಗೆ ಕೆರೆಯಂಥ ನೀರಿನಲ್ಲಿ 100 ನ್ಯೂಟನ್ನಿನವು, ಕತ್ತಿನ ಹಿಂದೆ ಪಟ್ಟಿ ಇರುವಂಥವು ಬೇಕು. ಸರಿಯಾಗಿ ಹೊಂದಿದೆಯೇ ಎಂದು ತಿಳಿಯಲು ಎಲ್ಲ ಕೊಂಡಿಗಳನ್ನು ಹಾಕಿದ ಮೇಲೆ ಎರಡೂ ಭುಜಗಳ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಅದು ಗಲ್ಲವನ್ನು ದಾಟಿ ಮೇಲೆ ಬಂದರೆ ಆ ಜಾಕೆಟ್ ಅವರಿಗೆ ದೊಡ್ಡದು. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ಜಾಕೆಟ್ ತೇಲುತ್ತದೆ, ಮಗು ಜಾರಿ ಕೆಳಗೆ ಹೋಗುತ್ತದೆ. ಮಕ್ಕಳ ಅಳತೆಯ, ತೊಡೆಯ ನಡುವೆ ಪಟ್ಟಿ ಇರುವ ಜಾಕೆಟ್ ಇಲ್ಲದಿದ್ದರೆ ಮಕ್ಕಳನ್ನು ದೋಣಿ ಹತ್ತಿಸಲೇಬಾರದು. ನಮ್ಮ ಕಡೆಯ ಉರಿಬಿಸಿಲಿನಲ್ಲಿ ದಿನವಿಡೀ ಬಿದ್ದಿರುವ ಜಾಕೆಟ್ಟುಗಳ ಬಟ್ಟೆ ಸವೆಯುತ್ತದೆ, ಅವುಗಳ ಮೇಲೆ ಕುಳಿತು ಕುಳಿತು ಒಳಗಿನ ಫೋಮ್ ಚಪ್ಪಟೆಯಾಗಿ ತೇಲುವ ಶಕ್ತಿ ಕುಗ್ಗುತ್ತದೆ. ಅವನ್ನು ನೆರಳಿನಲ್ಲಿ ತೂಗುಹಾಕಿ ಒಣಗಿಸಬೇಕು, ಆಗಾಗ ನೀರಿನಲ್ಲಿ ಪರೀಕ್ಷಿಸಬೇಕು.

ಯಾರಾದರೂ ಮುಳುಗುತ್ತಿದ್ದರೆ, ತರಬೇತಿ ಇಲ್ಲದವರು ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲಿಯೂ ಓದುತ್ತೇವೆ. ಉದ್ದನೆಯ ಬಿದಿರು, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಹೊರಗೆ ತಂದ ಮೇಲೆ ಉಸಿರಾಟವಿಲ್ಲದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು, ನಂತರ ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವುದನ್ನು ವೈದ್ಯಕೀಯ ನೆರವು ಬರುವವರೆಗೆ ಮುಂದುವರಿಸಬೇಕು. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ಸುಳ್ಳು ಸಂದೇಶವನ್ನು ನಂಬಿ, 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಾಲಕನೊಬ್ಬನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟಿದ್ದರು. ಆ ತಂದೆತಾಯಿಯನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ದೋಣಿಕಟ್ಟೆಯಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಈ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಲೇಬೇಕು, ಏಕೆಂದರೆ ಮೆದುಳಿಗೆ ಆಮ್ಲಜನಕವಿಲ್ಲದೆ ಕಳೆಯುವ ನಿಮಿಷಗಳು ಅಲ್ಲಿಯೇ ಕಳೆದುಹೋಗುತ್ತವೆ. ಆಂಬುಲೆನ್ಸ್ ಎಷ್ಟು ಬೇಗ ಬಂದರೂ ಅವನ್ನು ಹಿಂದೆ ತರಲಾಗದು.

ವಕೀಲ (ಸಿಂಧನೂರು)

ಇಲ್ಲಿಯವರೆಗಿನ ಸಲಹೆಗಳೆಲ್ಲ ಒಳ್ಳೆಯವು. ಆದರೆ ಇವು ಟೆಂಡರಿನ ಷರತ್ತುಗಳಾಗದಿದ್ದರೆ ಸಲಹೆಗಳಾಗಿಯೇ ಉಳಿಯುತ್ತವೆ. ಮೊದಲ ಬರಹದ ಕರಡಿನಲ್ಲಿ ನನ್ನನ್ನು ಹೆದರಿಸಿದ್ದು ಮೋಟಾರ್ ದೋಣಿಗಿಂತ ‘ಅತಿ ಹೆಚ್ಚು ಬಾಡಿಗೆ ಕೊಡುವವರಿಗೆ’ ಎಂಬ ಮಾತು.

ಅತಿ ಹೆಚ್ಚು ಬಾಡಿಗೆಗೆ ಒಪ್ಪಿಕೊಂಡವನು ಆ ಹಣವನ್ನು ಎಲ್ಲಿಂದ ತರಬೇಕು? ಪ್ರತಿ ಸುತ್ತಿಗೆ ಇಬ್ಬರನ್ನು ಹೆಚ್ಚಿಗೆ ಹತ್ತಿಸಬೇಕು, ಕತ್ತಲಾದ ಮೇಲೂ ಒಂದು ಸುತ್ತು ಹೋಗಬೇಕು, ಸವೆದ ಜಾಕೆಟ್ಟನ್ನು ಇನ್ನೊಂದು ವರ್ಷ ಓಡಿಸಬೇಕು, ಕಡಿಮೆ ಸಂಬಳಕ್ಕೆ ಈಜು ಬಾರದ ಹುಡುಗನನ್ನು ನೇಮಿಸಬೇಕು. ದೇಶದ ದೊಡ್ಡ ದುರಂತಗಳನ್ನು ಒಂದೊಂದಾಗಿ ನೋಡಿ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿಯಲ್ಲಿ ನಮ್ಮ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಸಂಜೆಗತ್ತಲಿನಲ್ಲಿ ಹೊರಟ, ಮಿತಿಮೀರಿ ಜನ ತುಂಬಿದ್ದ ದೋಣಿ 22 ಜೀವಗಳನ್ನು ತೆಗೆದುಕೊಂಡಿತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ. ಈ ಕೊನೆಯದು ಸಮುದ್ರವಲ್ಲ, ಮಹಾನದಿಯಲ್ಲ, ಊರ ನಡುವಿನ ಒಂದು ಕೆರೆ. ಚಂಡಮಾರುತವಾಗಲಿ ಪ್ರವಾಹವಾಗಲಿ ಇರಲಿಲ್ಲ.

ಆದ್ದರಿಂದ ಬಾಡಿಗೆಯನ್ನು ಪಂಚಾಯಿತಿಯೇ ನಿಗದಿಪಡಿಸಲಿ, ಸ್ಪರ್ಧೆ ಸುರಕ್ಷತೆಯ ವ್ಯವಸ್ಥೆ ಮತ್ತು ಅನುಭವದ ಮೇಲೆ ನಡೆಯಲಿ. ಸ್ಥಳೀಯ ಅಂಬಿಗರ, ಮೀನುಗಾರರ ಸಹಕಾರ ಸಂಘಕ್ಕೆ ಆದ್ಯತೆ ಕೊಟ್ಟರೆ ಹಣ ಊರಿನಲ್ಲಿಯೇ ಉಳಿಯುತ್ತದೆ, ಆದಾಯದ ಬಗ್ಗೆ ಬಳ್ಳಾರಿಯ ಗೆಳೆಯರು ಕೇಳಿದ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ. ಪ್ರತಿ ದೋಣಿಯ ಹೊರಮೈಯಲ್ಲಿ ಭಾರದ ಗೆರೆಯನ್ನು ಕೆಂಪು ಬಣ್ಣದಲ್ಲಿ ಬಳಿದಿರಬೇಕು. ಆ ಗೆರೆ ನೀರಿನಲ್ಲಿ ಮುಳುಗಿದರೆ ದೋಣಿ ಹೊರಡಬಾರದು. ಜನರ ಸಂಖ್ಯೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು. ಹತ್ತಿದವರ ಹೆಸರು ದಡದ ಪುಸ್ತಕದಲ್ಲಿ ಇರಬೇಕು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಎಲ್ಲ ದೋಣಿಗಳೂ ದಡ ಸೇರಬೇಕು. ಕುಡಿದವರನ್ನು, ಕುಡಿದ ಅಂಬಿಗನನ್ನೂ, ಹತ್ತಿಸಬಾರದು.

ಕಾನೂನಿನ ಮಾತು ಸಂಕ್ಷೇಪವಾಗಿ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂದಿದೆ. ಯಂತ್ರವಿರುವ ದೋಣಿಗಳಿಗೆ ತಪಾಸಣೆ, ನೋಂದಣಿ, ವಿಮೆ, ಸಿಬ್ಬಂದಿಯ ಅರ್ಹತಾ ಪತ್ರಗಳನ್ನು ಅದು ಕೇಳುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಯ ಮಾರ್ಗಸೂಚಿಯನ್ನೇ ಹೊರಡಿಸಿದೆ, ಅದನ್ನು ಟೆಂಡರಿನ ಭಾಗವೆಂದು ಸೇರಿಸಿ. ಅದೇ ವರ್ಷದ ಜೌಗುಭೂಮಿ ನಿಯಮಗಳು ಮಾತ್ರ ನೀರಾವರಿಗೆಂದೇ ಕಟ್ಟಿದ ಕೆರೆಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಹಕ್ಕಿಗಳ ರಕ್ಷಣೆಗೆ ಆ ನಿಯಮಗಳನ್ನು ನೆಚ್ಚಿ ಕೂರಬೇಡಿ. ಸಂಡೂರಿನವರು ಹೇಳಿದ ನಿಷಿದ್ಧ ಭಾಗವನ್ನು ನಕ್ಷೆಯ ಸಮೇತ ಷರತ್ತಿಗೆ ಸೇರಿಸಿ. ಕೆರೆಯ ಅಚ್ಚುಕಟ್ಟು (ಅದರಿಂದ ನೀರು ಪಡೆಯುವ ಜಮೀನು) 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಕೆರೆ, ಪಂಚಾಯಿತಿ ಒಂದೇ ತೀರ್ಮಾನಿಸಲಾಗದು. ಇದನ್ನು ಮೊದಲು ವಿಚಾರಿಸಿಕೊಳ್ಳಿ.

ಹುಟ್ಟುಗೋಲು (ಆನೆಗೊಂದಿ ಕಡೆ)

ವಕೀಲರ ಮಾತಿಗೆ ಒಂದು ಸೇರ್ಪಡೆ: ಗಾಳಿಯ ದಿನ ದೋಣಿ ನಿಲ್ಲಿಸಿದರೆ ಅಂಬಿಗನ ಕೂಲಿ ಹೋಗಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ನಮ್ಮ ಕಡೆ ಬಿರುಗಾಳಿ, ಸಿಡಿಲು ಒಮ್ಮೆಲೇ ಬರುತ್ತವೆ. ಮೋಡ ಕಪ್ಪಾಗುವುದು ಕಂಡರೂ ಇನ್ನೊಂದು ಸುತ್ತು ಹೋಗಿಬರೋಣ ಎನ್ನಿಸುವುದು ಆ ದಿನದ ಕೂಲಿಯ ಚಿಂತೆಯಿಂದ. ದಿನಗೂಲಿಯನ್ನು ಸುತ್ತಿನ ಲೆಕ್ಕಕ್ಕೆ ಕಟ್ಟದೆ ತಿಂಗಳ ಸಂಬಳ ಮಾಡಿದರೆ ಅಂಬಿಗ ಧೈರ್ಯವಾಗಿ ‘ಇವತ್ತು ಆಗುವುದಿಲ್ಲ’ ಎನ್ನಬಲ್ಲ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಕೂಡ ಇದೆ. ಆದರೆ ಗುಡುಗು ಕಿವಿಗೆ ಬಿದ್ದರೆ ಆ್ಯಪ್ ನೋಡುತ್ತ ಕೂರದೆ ದಡಕ್ಕೆ ಬರಬೇಕು.

ಪ್ರವಾಸ ಪ್ರಿಯ (ಬಳ್ಳಾರಿ)

ತಿಂಗಳ ಸಂಬಳದ ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಬೆಳಗಿನ ಹೊತ್ತು ಕೆಲವೇ ಜನರಿಗೆ ಹಕ್ಕಿ ತೋರಿಸುವ ಹರಿಗೋಲಿನ ಸುತ್ತು, ನಿಷಿದ್ಧ ಭಾಗದಿಂದ ದೂರದಲ್ಲಿಯೇ, ದುರ್ಬೀನಿನೊಂದಿಗೆ ನಡೆಸಿದರೆ ಅದಕ್ಕೆ ಹೆಚ್ಚಿನ ದರ ಕೊಡುವವರು ನಮ್ಮ ಬಳ್ಳಾರಿಯಲ್ಲಿಯೇ ಸಿಗುತ್ತಾರೆ. ಕಡಿಮೆ ಸುತ್ತುಗಳಿಂದ ಅಷ್ಟೇ ಆದಾಯ ಬರುವ ದಾರಿ ಇದು ಎಂದು ನನಗೆ ತೋರುತ್ತದೆ.

ಕೆರೆದಂಡೆ (ಕೊಪ್ಪಳ ತಾಲ್ಲೂಕು)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಈ ಬರಹಗಳನ್ನು ಅಚ್ಚು ಹಾಕಿಸಿ ಪಂಚಾಯಿತಿ ಸದಸ್ಯರಿಗೆ ಓದಲು ಕೊಟ್ಟಿದ್ದೇನೆ. ಮೋಟಾರ್ ದೋಣಿಯನ್ನು ಕರಡಿನಿಂದ ತೆಗೆಯಲು ಹೆಚ್ಚಿನವರು ಒಪ್ಪಿದ್ದಾರೆ. ಬಾಡಿಗೆಯ ವಿಷಯದಲ್ಲಿ ಇನ್ನೂ ವಾದ ನಡೆದಿದೆ, ಗ್ರಾಮಸಭೆಯಲ್ಲಿ ಅದನ್ನು ಬಿಡದೆ ಕೇಳುತ್ತೇವೆ. ಕೆರೆಯ ಒಡೆತನದ ದಾಖಲೆಯನ್ನು ತೆಗೆಸುತ್ತಿದ್ದೇವೆ. ಅದಕ್ಕೆ ಮೊದಲು ಆಳದ ನಕ್ಷೆಯೊಂದನ್ನು ನಾವೇ ಮಾಡಬೇಕೆಂದಿದ್ದೇವೆ. ಹಳೆಯ ಜಾಲಿಯ ಬೊಡ್ಡೆಗಳು, ಹೂಳೆತ್ತಿದಾಗ ಉಳಿದ ಗುಂಡಿಗಳು ಎಲ್ಲೆಲ್ಲಿವೆ ಎಂಬುದು ಹಿರಿಯರಿಗೆ ಗೊತ್ತು, ಕಾಗದದ ಮೇಲೆ ಇಲ್ಲ. ಇಂಜಿನಿಯರ್ ಅವರೇ, ಅಳೆಯುವ ಕ್ರಮವನ್ನು ತಿಳಿಸುವಿರಾ?

ನಿವೃತ್ತ ಇಂಜಿನಿಯರ್ (ಮುನಿರಾಬಾದ್)

ಅಡಿ ಅಡಿಗೆ ಬಣ್ಣದ ಪಟ್ಟಿ ಬಳಿದ ಬಿದಿರೊಂದು, ಗಂಟು ಹಾಕಿದ ಉದ್ದನೆಯ ಹಗ್ಗವೊಂದು ಸಾಕು. ಏರಿಯಿಂದ ಎದುರು ದಡಕ್ಕೆ ಹಗ್ಗ ಎಳೆದು ಕಟ್ಟಿ, ಗಂಟಿಗೊಮ್ಮೆ ಹರಿಗೋಲು ನಿಲ್ಲಿಸಿ ಆಳ ಬರೆದುಕೊಳ್ಳಿ. ಬಿದಿರಿಗೆ ಗಟ್ಟಿ ತಗುಲಿತೋ, ಕೆಸರು ತಗುಲಿತೋ, ಬೊಡ್ಡೆ ತಗುಲಿತೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಅಳೆಯುವವರೆಲ್ಲ ಜಾಕೆಟ್ ಹಾಕಿರಲಿ, ತೂಬು ಮುಚ್ಚಿರಲಿ. ಅಳತೆಯ ದಿನ ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿಯವರೆಗಿತ್ತು ಎಂದು ಮರೆಯದೆ ಗುರುತು ಹಾಕಿ. ಆ ಗುರುತಿನಿಂದ ನೀರು ಎಷ್ಟು ಇಳಿದಿದೆಯೋ ಅಷ್ಟನ್ನು ನಕ್ಷೆಯ ಪ್ರತಿಯೊಂದು ಆಳದಿಂದ ಕಳೆಯಬಹುದು. ಬೇಸಿಗೆಯಲ್ಲಿ ಯಾವ ಭಾಗದ ದೋಣಿಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಅದರಿಂದಲೇ ಗೊತ್ತುಮಾಡಿಕೊಳ್ಳಬಹುದು.